ಕಂಪ್ಯೂಟರಿಗೊಂದು ಮಹಜರು

ಧರ್ಮೇಂದ್ರ ಆ ಕೆಂಪು ಗುಂಡಿಯನ್ನು ಒತ್ತದೆ ಇದ್ದಿದ್ದರೆ ಹೊಣಕೆರೆಯ ಬೀಗರ ಔತಣ ಅದರ ಪಾಡಿಗೆ ಅದು ಸಾಗುತ್ತಿತ್ತು. ಕ್ಯಾತನಹಳ್ಳಿಯ ನಾಲ್ಕು ಜನ ಮರ್ಯಾದಸ್ಥರು ಇಲ್ಲದ ಒಂದು ಕೋತಿಯನ್ನು ಹುಟ್ಟಿಸಿ, ಸಾಕಿ ಸಲಹಿ, ಬಾಬುರಾಯನಕೊಪ್ಪಲಿನವರೆಗೆ ಕರೆದುಕೊಂಡು ಹೋಗುವ ಪ್ರಮೇಯವೂ ಬರುತ್ತಿರಲಿಲ್ಲ.

ಧರ್ಮೇಂದ್ರನದು ಮದುವೆ ವಿಡಿಯೊ ಮಾಡುವ ಕಸುಬು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಅಲ್ಲಿ ಮೇಜಿನ ಕೆಳಗೆ ಕೂತಿದ್ದ ಕಪ್ಪು ಡಬ್ಬದಂಥ ಕಂಪ್ಯೂಟರು ಮನೆಗೆ ಬಂದದ್ದು ಹೆಂಡತಿ ಪ್ರಮೀಳಾ ತನ್ನ ಗಬ್ಬದ ಕಡಸನ್ನು ಮಾರಿದ ಮೇಲೆ. ಹಾಗಾಗಿ ಆ ಡಬ್ಬದ ಮೇಲೆ ಅವನಿಗಿಂತ ಅವಳಿಗೇ ಒಂದು ತೂಕ ಹೆಚ್ಚು ಹಕ್ಕು. ಕೊಟ್ಟಿಗೆ ಗುಡಿಸಿ ಬಂದವಳು ಅದರ ಧೂಳನ್ನೂ ಒರೆಸುತ್ತಿದ್ದಳು. ಒರೆಸುವಾಗ ಮೈ ನೇವರಿಸುತ್ತಿದ್ದಳೆಂದೂ ಧರ್ಮೇಂದ್ರನಿಗೆ ಅನುಮಾನ.

ಹೊಣಕೆರೆಯ ರವೀಂದ್ರ ತನ್ನ ಮಗಳ ಮದುವೆ ವಿಡಿಯೊವನ್ನು ಬೀಗರ ಔತಣದ ದಿನವೇ ದೊಡ್ಡ ಪರದೆಯ ಮೇಲೆ ತೋರಿಸಬೇಕೆಂದು ಹಟ ಹಿಡಿದಿದ್ದ. "ಮಟನ್ ಬಡ್ಸೋ ಹೊತ್ಗೆ ಧಾರೆ ಓಡ್ತಿರ್ಬೇಕು ಕಣ್ಲಾ. ನಮ್ಮ ಬೀಗ್ರು ತಟ್ಟೆ ನೋಡ್ಬಾರ್ದು, ಪರದೆ ನೋಡ್ಬೇಕು" ಎಂಬುದು ಅವನ ಅಪ್ಪಣೆ. ಔತಣ ನಾಳೆ. ಕಂಪ್ಯೂಟರು ಲೆಕ್ಕ ಹಾಕಿ ಹೇಳಿದ ಪ್ರಕಾರ, ವಿಡಿಯೊ ಸಿದ್ಧವಾಗುವುದು ಬೀಗರು ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು, ಬಸ್ಸು ಹತ್ತಿದ ಮೇಲೆ.

ಆ ಕಂಪ್ಯೂಟರಿನೊಳಗೆ ಅದರ ಕಂಪನಿಯವರೇ ಹಾಕಿಕೊಟ್ಟ ಒಂದು ಪ್ರೋಗ್ರಾಂ ಇತ್ತು. ಅದನ್ನು ತೆರೆದರೆ ಒಂದು ಕೆಂಪು ಗುಂಡಿ. ಒತ್ತಿದರೆ ಯಂತ್ರ ತನಗೆ ಗೊತ್ತುಮಾಡಿದ ವೇಗವನ್ನು ಮೀರಿ ಓಡುತ್ತದೆ. ಇದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆಂದು ಯೂಟ್ಯೂಬಿನಲ್ಲಿ ಒಬ್ಬ ಹಿಂದಿಯವನು ಹೇಳಿದ್ದ. ಕೊನೆಯಲ್ಲಿ ಮುಖ ಚಿಕ್ಕದು ಮಾಡಿಕೊಂಡು, ಹೀಗೆ ಓಡಿಸಿ ಸುಟ್ಟರೆ ವಾರಂಟಿ ಮರೆತುಬಿಡಿ ಎಂದೂ ಹೇಳಿದ್ದ. ಧರ್ಮೇಂದ್ರನಿಗೆ ಮೊದಲ ಮಾತು ಚೆನ್ನಾಗಿ ಅರ್ಥವಾಗಿತ್ತು. ಎರಡನೆಯದು ಬೆಳಗಿನ ಜಾವ ಗುಂಡಿ ಒತ್ತಿ, ಅರ್ಧ ತಾಸು ಕಳೆದು, ಒಳಗಿನಿಂದ 'ಟಪ್' ಎಂಬ ಸದ್ದು ಕೇಳಿದ ಮೇಲೆ ಅರ್ಥವಾಯಿತು.

ಆ ಅರ್ಧ ತಾಸು ಮಾತ್ರ ಯಂತ್ರ ಓಡಿದ್ದೇ ಓಡಿದ್ದು. ಫ್ಯಾನು ಅಕ್ಕಿ ಗಿರಣಿಯ ಹಾಗೆ ಮೊರೆಯಿತು. ಮೇಜು ನಡುಗಿತು. ಮದುಮಗಳ ಸೋದರತ್ತೆ ಅಕ್ಕಿಕಾಳು ಹಾಕುವ ದೃಶ್ಯ ಬರುವ ಹೊತ್ತಿಗೆ ಪರದೆ ಕಪ್ಪಾಗಿ, ಡಬ್ಬದ ಹಿಂದಿನಿಂದ ನೀಲಿ ಹೊಗೆಯ ಒಂದು ಎಳೆ ಮೆಲ್ಲಗೆ ಎದ್ದು ಕಿಟಕಿಯ ಕಡೆಗೆ ಹೊರಟಿತು.

ಬಾಗಿಲಲ್ಲಿ ಪ್ರಮೀಳಾ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು.

"ಅದೇನ್ ಒತ್ತುದ್ರಿ?"

"ಏನೂ ಇಲ್ಲ. ಅದಾಗೇ ಆಗೋಯ್ತು."

"ಕೆಂಪುದ್ನ ಒತ್ತುದ್ರಿ. ನಾನ್ ಇಲ್ಲೇ ನಿಂತಿದ್ದೆ." ಅವಳು ಒಳಗೆ ಬಂದು ಡಬ್ಬದ ಮೇಲೆ ಅಂಗೈ ಇಟ್ಟು ನೋಡಿ, ಜ್ವರ ನೋಡುವವಳ ಹಾಗೆ ಕೈ ತೆಗೆದಳು. "ಕಂಪ್ನಿಯೋರ್ಗೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಯೋಳ್ಬುಡಿ."

"ನಿಂಗ್ ತಿಳಿಯಕಿಲ್ಲ ಸುಮ್ಕಿರು. ಇದ್ದಂಗೆ ಯೋಳುದ್ರೆ ವಾರಂಟಿ ಹೊಯ್ತದೆ. ಮೊದ್ಲು ಹಾಲು ಹಾಕ್ ಬತ್ತೀನಿ" ಎಂದು ಧರ್ಮೇಂದ್ರ ಕ್ಯಾನನ್ನು ಅವಳ ಕೈಯಿಂದ ಕಿತ್ತುಕೊಂಡು ಡೇರಿಯ ಕಡೆಗೆ ನಡೆದ.

ಅವನು ಮಾಡಿದ ಎರಡನೆಯ ತಪ್ಪು ಅದು. ಮನಸ್ಸಿನಲ್ಲಿ ಏನನ್ನಾದರೂ ಬಚ್ಚಿಟ್ಟುಕೊಂಡು ಬೆಳಗಿನ ಹೊತ್ತು ಡೇರಿಗೆ ಹೋಗಿ ಸುಮ್ಮನೆ ವಾಪಸು ಬಂದವರು ಆ ಊರಿನಲ್ಲಿ ಯಾರೂ ಇಲ್ಲ. ಸೆಕ್ರೆಟರಿ ನಿಂಗರಾಜು ಹಾಲಿನ ಜೊತೆಗೆ ತಂದವರ ಮುಖವನ್ನೂ ಅಳೆಯುತ್ತಿದ್ದ.

"ಯಾಕ್ಲಾ ಧರ್ಮ, ಮುಖ ಒಡುದ್ ಹಾಲಿನಂಗ್ ಆಗದೆ?"

"ಕಂಪ್ಯೂಟ್ರು ಹೊಂಟೋಯ್ತು ಕಣಣ್ಣ."

"ಎಲ್ಲಿಗೆ?"

"ಸತ್ತೋಯ್ತು ಅಂತ. ವಾರಂಟಿ ಅದೆ. ಆದ್ರೂ ಕೊಡ್ತಾರೋ ಇಲ್ವೋ."

ಪಕ್ಕದ ಜಗುಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ ಜವರಯ್ಯನವರ ಕಿವಿ ನೆಟ್ಟಗಾಯಿತು. ಡೇರಿಯ ಮಾಜಿ ಅಧ್ಯಕ್ಷರು. ಊರಿನಲ್ಲಿ ಯಾರ ಹಸು ಸತ್ತರೂ ಅದರ ವಿಮೆ ಕೊಡಿಸುವುದು ಅವರ ಜವಾಬ್ದಾರಿ. ಅವರು ನಿಂತು ಮಾಡಿಸಿದ ಮಹಜರು ಒಂದೂ ತಿರುಗಿ ಬಂದ ಚರಿತ್ರೆ ಇರಲಿಲ್ಲ. ಇತ್ತೀಚೆಗೆ ಹಸುಗಳೆಲ್ಲ ಆರೋಗ್ಯವಾಗಿದ್ದುದರಿಂದ ಅವರಿಗೆ ಸ್ವಲ್ಪ ಬೇಜಾರಾಗಿತ್ತು.

"ವಾರಂಟಿ ಅಂದ್ರೇನ್ಲಾ ಮಗ?" ಎಂದರು.

"ದೊಡ್ಡಪ್ಪ, ಇಂತಿಷ್ಟು ವರ್ಸದೊಳಗೆ ಕೆಟ್ರೆ ಕಂಪ್ನಿಯೋನು ಹೊಸದ್ ಕೊಡ್ತಾನೆ."

"ಅಂದ್ರೆ ಹಸಿನ ಇನ್ಸೂರೆನ್ಸೇ ತಾನೆ. ಅದ್ಕ್ಯಾಕ್ ಇಂಗ್ ಬೆವ್ರು ಬುಡ್ತಿದ್ದೀಯ? ಓಲೆ ಅದಾ?"

"ಓಲೆನಾ?"

"ಕಿವಿ ಓಲೆ ಕಣ್ಲಾ. ನಂಬ್ರು. ಹಸ ಸತ್ರೂ ಓಲೆ ಬದುಕಿರ್ಬೇಕು. ಓಲೆ ಇಲ್ದಿದ್ರೆ ದೇವ್ರು ಬಂದ್ರೂ ಕ್ಲೇಮ್ ಆಗಕಿಲ್ಲ."

ಡಬ್ಬದ ಹಿಂದೆ ನಂಬರಿನ ಒಂದು ಸ್ಟಿಕರು ಅಂಟಿಸಿದ್ದು ಧರ್ಮೇಂದ್ರನಿಗೆ ನೆನಪಾಯಿತು. ಅದೆ ಎಂದ. ಜವರಯ್ಯ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು. ಅಂದರೆ ಕೆಲಸ ಶುರುವಾಯಿತೆಂದು ಅರ್ಥ.

"ಈಗ ಯೋಳು. ಸಾವು ಎಂಗಾಯ್ತು?"

ಧರ್ಮೇಂದ್ರ ಅತ್ತ ಇತ್ತ ನೋಡಿ ತಗ್ಗಿದ ದನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೇಗ ಆಗಲಿ ಅಂತ ಶಕ್ತಿ ಮೀರಿ ಓಡಿಸಿದೆ, ಸುಟ್ಟುಹೋಯಿತು.

ನಿಂಗರಾಜು ಹಣೆ ಚಚ್ಚಿಕೊಂಡ. ಜವರಯ್ಯ ಮಾತ್ರ ಇಂಥ ಎಷ್ಟೋ ಸಾವು ಕಂಡವರ ಹಾಗೆ ತಲೆಯಾಡಿಸಿದರು. "ಅದ್ನ ಇಲ್ಲೇ ಉಗುಳ್ಬುಟ್ಟು ಬಾಯಿ ಮುಕ್ಕಳಿಸ್ಕೊ. ಓನರ್ ನಿರ್ಲಕ್ಷ್ಯ ಅಂತ ಷರಾ ಬರ್ದ್ಬುಡ್ತಾರೆ. ಹಾಲು ಜಾಸ್ತಿ ಬರ್ಲಿ ಅಂತ ಸೂಜಿ ಚುಚ್ಚುದ್ದೆ ಅಂತ ಯಾವನಾರ ಡಾಕ್ಟ್ರ ಮುಂದೆ ಯೋಳ್ಕೊತಾನಾ?"

"ಮತ್ತೆ ಏನಂತ ಯೋಳ್ಲಿ? ಕಾಯ್ಲೆ ಅನ್ಲಾ?"

"ಕಾಯ್ಲೆ ಅಂದ್ರೆ ಯಾವ್ ಕಾಯ್ಲೆ, ಯಾವತ್ತಿಂದ, ಔಸ್ದಿ ಕೊಡ್ಸಿದ್ಯಾ ಅಂತ ಚಪ್ಲಿ ಸವ್ಸ್‌ತಾರೆ. ಕರೆಂಟ್ ಹೊಡೀತು ಅನ್ನು. ಹಸೀಗೆ ಕರೆಂಟ್ ಹೊಡ್ದು ಸತ್ತದೆ ಅಂದ್ರೆ ಯಾವ ಕಂಪ್ನಿಯೋನೂ ಎರಡ್ನೆ ಮಾತ್ ಆಡಕಿಲ್ಲ. ನಾನ್ ನಿಂತ್ ಕೊಡ್ಸೋವೆಲ್ಲಾ ಅದೇ."

ಅಷ್ಟು ನಿಶ್ಚಿಂತೆಯ ದನಿಯನ್ನು ಧರ್ಮೇಂದ್ರ ಬೆಳಗಿನಿಂದ ಕೇಳಿರಲಿಲ್ಲ. ಮುಳುಗುವವನ ಕೈಗೆ ಎಮ್ಮೆಯ ಬಾಲ ಸಿಕ್ಕಿತು. ಹಿಡಿದುಕೊಂಡ.

ಮನೆಯಂಗಳದಲ್ಲಿ ಮಹಜರು ನಡೆಯಿತು. ಗೋಣಿತಾಟು ಹಾಸಿ ಅದರ ಮೇಲೆ ಕಂಪ್ಯೂಟರನ್ನು ಮಗ್ಗುಲಾಗಿ ಮಲಗಿಸಿದರು. ಸತ್ತದ್ದನ್ನು ನಿಲ್ಲಿಸಿ ಫೋಟೊ ತೆಗೆಯುವ ಪದ್ಧತಿ ಇಲ್ಲವೆಂದು ಜವರಯ್ಯ ಖಚಿತವಾಗಿ ಹೇಳಿದರು. ನಿಂಗರಾಜು ಮೊಬೈಲು ಹಿಡಿದು ಮಂಡಿಯೂರಿದ.

"ಓಲೆ ಕಾಣ್ಬೇಕು, ಇತ್ಲಾಗ್ ತಿರುಗ್ಸಿ. ಓನರ್ ಪಕ್ಕದಲ್ ಕುಕ್ಕರುಗಾಲಲ್ ಕೂತ್ಕೊ. ಒಂದ್ ಕೈ ಅದ್ರ ಮೇಲಿರ್ಲಿ. ಮುಖ ಒಸಿ ಇಳಿಸು."

"ಇನ್ನೆಲ್ಲಿಗ್ ಇಳಿಸ್ಲಿ ಅಣ್ಣ?" ಎಂದ ಧರ್ಮೇಂದ್ರ.

ಸದ್ದು ಕೇಳಿ ಪಕ್ಕದ ಮನೆಯ ಚಿಕ್ಕಬೋರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಗೋಣಿತಾಟಿನ ಮೇಲೆ ಮಲಗಿದ್ದನ್ನು ಕಂಡು ಗಲ್ಲಕ್ಕೆ ಕೈಯಿಟ್ಟುಕೊಂಡು, "ಅಯ್ಯೋ ನನ್ ಕಂದ, ಎಷ್ಟ್ ಜನದ್ ಮದ್ವೆ ಮಾಡಿತ್ತೋ ಪಾಪ" ಎಂದರು. ಏನಾಯಿತೆಂದು ಕೇಳಿದ್ದು ಆಮೇಲೆ. ಕರೆಂಟು ಹೊಡೆಯಿತೆಂದು ನಿಂಗರಾಜು ಹೇಳಿದ. "ಅದ್ಕೇ ಅನ್ನು. ಬೆಳಿಗ್ಗೆ ನಮ್ಮನೆ ಬಲ್ಪೂ ಪಕ್ ಅಂತು" ಎಂದರು ಅವರು ಹಿಂದುಮುಂದು ನೋಡದೆ. ಸಾಕ್ಷಿ ಒಂದು ಹೆಚ್ಚಾಯಿತು.

ಇನ್ನು ಉಳಿದದ್ದು ಡಾಕ್ಟರ ಮಾತು. ಪಶುವೈದ್ಯರನ್ನು ಕರೆದರೆ ಬೈಯುತ್ತಾರೆಂದು ನಿಂಗರಾಜು ಹೇಳುತ್ತಿರುವಾಗಲೇ ಲೈನ್‌ಮನ್ ತಮ್ಮಯ್ಯ ಬೈಕಿನಲ್ಲಿ ಬಂದ. ಅವನನ್ನು ತಡೆದು ನಿಲ್ಲಿಸಿ ವಿಷಯ ತಿಳಿಸಿದರು. ಅವನು ಹಾವು ಕಂಡವನ ಹಾಗೆ ಹಿಂದಕ್ಕೆ ಸರಿದ.

"ನನ್ ಲೈನಲ್ ಕರೆಂಟ್ ಇಲ್ದೆ ಇರ್ಬೋದು, ಜಾಸ್ತಿಯಂತೂ ಬಂದಿಲ್ಲ. ಇಂಗೆಲ್ಲಾ ಯೋಳಿ ನನ್ ಕೆಲ್ಸಕ್ ಕಲ್ ಹಾಕ್ಬ್ಯಾಡಿ."

ಎಲ್ಲರೂ ಮಂಕಾದರು. ಆಗ ಚಿಕ್ಕಬೋರಮ್ಮ, "ನಿಂದೇನ್ಲಾ ತಪ್ಪು ತಮ್ಮಯ್ಯ? ಕೋತಿ ನೆಗುದ್ರೆ ನೀನೇನ್ ಮಾಡೀಯ?" ಎಂದರು.

"ಕೋತಿನಾ?"

"ಕೋತಿ ಬಂದ್ ತಂತಿ ಮ್ಯಾಲೆ ನೆಗೀತು ಅನ್ನು. ತಂತಿಗ್ ತಂತಿ ತಗುಲ್ತು. ಅದ್ಕೆ ನಿಮ್ಮ ಆಪೀಸ್ನೋರು ಕೋತಿನ್ ಸಸ್ಪೆಂಡ್ ಮಾಡ್ತಾರಾ?"

ತಮ್ಮಯ್ಯನ ಮುಖ ಹೂವಿನ ಹಾಗೆ ಅರಳಿತು. "ಕೋತಿಯಾದ್ರೆ ಸರಿ. ಕೋತಿ ಆದ್ರೆ ನಾನೂ ಬತ್ತೀನಿ."

ಹಾಲಿನ ಕ್ಯಾನು ಸಾಗಿಸುವ ನಿಂಗರಾಜುವಿನ ಗೂಡ್ಸ್ ಆಟೋದಲ್ಲಿ ಒಣಹುಲ್ಲು ಹರಡಿ ಕಂಪ್ಯೂಟರನ್ನು ಮಲಗಿಸಿದರು. ಸರ್ವಿಸ್ ಸೆಂಟರು ಇದ್ದದ್ದು ಶ್ರೀರಂಗಪಟ್ಟಣ ದಾಟಿ ಬಾಬುರಾಯನಕೊಪ್ಪಲಿನ ಹತ್ತಿರ, ಮೈಸೂರು ರಸ್ತೆಯಲ್ಲಿ. ನಿಂಗರಾಜು ಓಡಿಸಲು ಕೂತ. ಜವರಯ್ಯ ಅವನ ಪಕ್ಕದ ಸೀಟಿನಲ್ಲಿ, ಧರ್ಮೇಂದ್ರ, ತಮ್ಮಯ್ಯ, ಚಿಕ್ಕಬೋರಮ್ಮ ಹಿಂದೆ ಹುಲ್ಲಿನ ಮೇಲೆ. ಹೊರಡುವಾಗ ಪ್ರಮೀಳಾ ಜಗುಲಿಯಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ಗಂಡನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ, "ನಿಜ ಯೋಳೋಕಾಗಿದ್ರೆ ಒಬ್ರು ಹೋಗಿದ್ರೂ ಸಾಕಾಗಿತ್ತು" ಎಂದು ಒಳಗೆ ಹೋದಳು.

ಆ ಮಾತು ಧರ್ಮೇಂದ್ರನ ಎದೆಯಲ್ಲಿ ಮುಳ್ಳಿನ ಹಾಗೆ ಆಡತೊಡಗಿತು. ಪಾಂಡವಪುರದ ಹತ್ತಿರ ಮುಂದೆ ಕಬ್ಬಿನ ಟ್ರಾಕ್ಟರೊಂದು ದಾರಿ ತುಂಬ ಹಬ್ಬಿಕೊಂಡು ಹೋಗುತ್ತಿತ್ತು. ಹಿಂದೆ ಎರಡು ಟ್ರೈಲರು. ಭಾರಕ್ಕೆ ಅದರ ಮುಂದಿನ ಚಕ್ರಗಳು ಆಗಾಗ ನೆಲ ಬಿಟ್ಟು, ಮರಿ ಕುದುರೆಯ ಹಾಗೆ ಮುಗಿಲಿಗೆ ಮುಖ ಮಾಡುತ್ತಿದ್ದವು. ಆಟೋ ಅದರ ಹಿಂದೆ ತೆವಳಿತು.

"ದೊಡ್ಡಪ್ಪ" ಎಂದ ಧರ್ಮೇಂದ್ರ, ಮುಂದಿನ ಕಿಂಡಿಯ ಹತ್ತಿರ ಬಾಯಿ ತಂದು. "ಕಂಪ್ನಿಯೋನು ಇಷ್ಟೇ ವೇಗ ಅಂತ ಗೊತ್ ಮಾಡಿ ಕೊಟ್ಟಿದ್ದ. ನಾನ್ ಆಸೆಗ್ ಬಿದ್ದು ಓಡಿಸ್ದೆ. ಈಗ ಅವ್ನ ತಲೆ ಮೇಲ್ ಹಾಕೋದು ಸರಿನಾ?"

ಜವರಯ್ಯ ಟ್ರಾಕ್ಟರಿನ ಕಡೆ ಬೆರಳು ತೋರಿಸಿದರು. "ಎರಡ್ ಟ್ರೈಲರ್ ಎಳಿ ಅಂತ ಅವ್ನ ಕಂಪ್ನಿಯೋನು ಯೋಳಿದ್ನಾ? ನಾಳಿಕ್ ಗೇರ್ ಬಾಕ್ಸ್ ಹೋದ್ರೆ ಅವ್ನು ಶೋರೂಮ್‌ಗೋಗಿ ಏನಂತಾನೆ ಗೊತ್ತಾ? ನೆಳ್ಳಾಗ್ ನಿಲ್ಸಿದ್ದೆ ಸಾ, ಇದ್ದಕ್ಕಿದ್ದಂಗೆ ಹೋಯ್ತು ಅಂತಾನೆ. ಶೋರೂಮ್ನೋನಿಗೂ ಗೊತ್ತು, ಇವ್ನಿಗೂ ಗೊತ್ತು. ಪ್ರಪಂಚ ನಡ್ಕೊಂಡ್ ಹೋಯ್ತದೆ."

"ಅಲ್ಲ, ಆದ್ರೂ ತಪ್ಪು ನಂದು."

"ತಪ್ ನಿಂದಲ್ಲ, ಕೋತೀದು" ಎಂದ ತಮ್ಮಯ್ಯ ಹಿಂದಿನಿಂದ. ಅವನು ಆಗಲೇ ಕೋತಿಯನ್ನು ಒಪ್ಪಿಕೊಂಡು ಬಹಳ ದೂರ ಬಂದಿದ್ದ.

ದಾರಿಯುದ್ದಕ್ಕೂ ಕೋತಿ ಬೆಳೆಯಿತು. ಮೊದಲು ಬರೀ ಕೋತಿಯಾಗಿದ್ದದ್ದು ಒಂಟಿ ಗಂಡು ಕೋತಿಯಾಯಿತು. ಆಮೇಲೆ ಅದರ ಬಾಲ ಅರ್ಧ ತುಂಡಾಯಿತು. ಕಿರಂಗೂರು ಬರುವ ಹೊತ್ತಿಗೆ ಅದು ಚಿಕ್ಕಬೋರಮ್ಮನ ಮಾಳಿಗೆಯ ಮೇಲಿನ ಹಪ್ಪಳ ಕದ್ದು ಕಂಬಕ್ಕೆ ಹಾರಿತ್ತು. "ಹಪ್ಳ ಬಾಯಲ್ಲೇ ಇತ್ತು" ಎಂದು ಅವರು ಹೇಳಿದಾಗ ನಿಂಗರಾಜು, "ಹೌದೌದು, ನಾನೂ ಕಂಡೆ, ಅಕ್ಕಿ ಹಪ್ಳ" ಎಂದು ಸೇರಿಸಿದ. ಬೆಂಕಿಯ ಕಿಡಿ ಅದೇ ಬೀದಿಯ ದ್ಯಾವಮ್ಮನ ಹುಲ್ಲಿನ ಬಣವೆಯ ಮೇಲೆ ಬಿದ್ದು, ದೇವರ ದಯದಿಂದ ಹತ್ತಲಿಲ್ಲ. ಕಾವೇರಿ ಸೇತುವೆ ದಾಟುವಾಗ ಧರ್ಮೇಂದ್ರ ಒಬ್ಬನನ್ನು ಬಿಟ್ಟು ಮಿಕ್ಕ ನಾಲ್ವರಿಗೂ ಕೋತಿ ಕಣ್ಣಿಗೆ ಕಟ್ಟಿದ ಹಾಗಿತ್ತು. ಜವರಯ್ಯನವರಂತೂ ಅದರ ಬಗ್ಗೆ ಸ್ವಲ್ಪ ಕನಿಕರಪಟ್ಟರು. ಪಾಪ, ಅದಕ್ಕೂ ಷಾಕ್ ಹೊಡೆದಿರಬೇಕು.

ಸರ್ವಿಸ್ ಸೆಂಟರಿನ ಗಾಜಿನ ಬಾಗಿಲ ಹೊರಗೆ ಎಲ್ಲರೂ ಚಪ್ಪಲಿ ಬಿಟ್ಟರು. ಒಳಗೆ ಎಸಿಯ ತಂಪು, ಒಂದು ಉದ್ದನೆಯ ಕೌಂಟರು, ಅದರ ಹಿಂದೆ ಮೇಘನ ಎಂಬ ಹುಡುಗಿ. ನಾಲ್ಕು ಜನ ಒಂದು ಡಬ್ಬವನ್ನು ಹೊತ್ತು, ಐದನೆಯವರಾದ ಮುದುಕಿಯೊಬ್ಬರು ಅದರ ಮೇಲಿನ ಹುಲ್ಲು ಕೊಡವುತ್ತ ಬರುವುದನ್ನು ಕಂಡು ಅವಳು ಎದ್ದು ನಿಂತಳು.

"ಏನಾಗಿದೆ ಸರ್?"

ಧರ್ಮೇಂದ್ರ ಬಾಯಿ ತೆರೆಯುವ ಮೊದಲೇ ಜವರಯ್ಯ ಎರಡು ಹೆಜ್ಜೆ ಮುಂದೆ ಬಂದರು. "ನೋಡು ತಾಯಿ. ಓಲೆ ಇಲ್ಲಿ ಅದೆ. ಓನರ್ ಇವ್ನು. ನಾವ್ ನಾಲ್ಕು ಜನ ಸಾಕ್ಷಿ. ಇವ್ರು ಲೈನ್‌ಮನ್ನು, ಡಾಕ್ಟ್ರು ಇದ್ದಂಗೆ. ಬೆಳಿಗ್ಗೆ ಬಿಸ್ಲು ಏರೋ ಹೊತ್ನಲ್ಲಿ ಒಂದ್ ಮೋಟ ಬಾಲದ್ ಕೋತಿ ತಂತಿ ಮ್ಯಾಲ್ ನೆಗೀತು" ಎಂದು ಶುರುಮಾಡಿ, ಹಪ್ಪಳ, ಬಲ್ಬು, ಬಣವೆ, ಕಿಡಿ, ಹೊಗೆ ಎಲ್ಲವನ್ನೂ ಒಂದರ ಹಿಂದೆ ಒಂದು ಜೋಡಿಸಿ, ಕೊನೆಗೆ ಕೈ ಮೇಲೆತ್ತಿ, "ಕರೆಂಟ್ ಹೊಡ್ದೇ ಸತ್ತಿದ್ದು. ಈ ಜವರಯ್ಯನ ಮಾತು ಇದುವರ್ಗೂ ಸುಳ್ಳಾಗಿಲ್ಲ" ಎಂದು ನಿಲ್ಲಿಸಿದರು. ಚಿಕ್ಕಬೋರಮ್ಮ ಕಣ್ಣೊರೆಸಿಕೊಂಡರು. ಆಚೆ ಕುರ್ಚಿಯಲ್ಲಿ ಕಾಯುತ್ತಿದ್ದ ಗಿರಾಕಿಯೊಬ್ಬ, ಕೋತಿ ಬದುಕಿತೇ ಎಂದು ಕೇಳಿದ.

ಮೇಘನ ಎಲ್ಲವನ್ನೂ ಟೈಪು ಮಾಡಿಕೊಂಡಳು. ಆಮೇಲೆ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಸರ್, ಕರೆಂಟ್ ಏರುಪೇರಾಗಿ ಸುಟ್ಟರೆ ಅದು ವಾರಂಟಿಗೆ ಬರಲ್ಲ. ಸಿಡಿಲು, ನೀರು, ಇಲಿ, ಕರೆಂಟು, ಇವು ನಾಲ್ಕೂ ಬರಲ್ಲ. ಆದರೆ ಅದಲ್ಲ ನನ್ನ ಗೊಂದಲ. ಬೆಳಿಗ್ಗೆ ನಿಮ್ಮ ಮನೆಯಿಂದ ಇದೇ ನಂಬರಿನ ಬಗ್ಗೆ ಫೋನ್ ಬಂದಿತ್ತು. ಪ್ರಮೀಳಾ ಅಂತ. ನಮ್ಮ ಯಜಮಾನರು ಕೆಂಪು ಗುಂಡಿ ಒತ್ತಿ ಜಾಸ್ತಿ ಓಡಿಸಿದರು, ಸುಟ್ಟುಹೋಯಿತು ಅಂತ ಹೇಳಿದರು."

ಧರ್ಮೇಂದ್ರ ಕತ್ತು ತಗ್ಗಿಸಿ ತನ್ನ ಬರಿಗಾಲು ನೋಡಿಕೊಂಡ.

"ಅದು ಕಂಪನಿಯದೇ ತಪ್ಪು ಸರ್" ಎಂದು ಮೇಘನ ಮುಂದುವರಿಸಿದಳು. "ಗುಂಡಿ ಕೊಟ್ಟವರು ನಾವೇ. ಆದರೆ ಈ ಮಾಡೆಲ್‌ನಲ್ಲಿ ಒತ್ತಿದ ತಕ್ಷಣ ಲೆಕ್ಕಕ್ಕಿಂತ ಜಾಸ್ತಿ ಬಿಸಿಯಾಗುತ್ತಿದೆ. ಒತ್ತಿ ಸುಟ್ಟುಕೊಂಡವರಿಗೆಲ್ಲ ಏನೂ ಕೇಳದೆ ಹೊಸದು, ಅದೂ ಇದಕ್ಕಿಂತ ದೊಡ್ಡದು, ಅವತ್ತೇ ಕೊಟ್ಟು ಕಳಿಸಿ ಅಂತ ಆದೇಶ ಇದೆ. ಅಲ್ಲಿ ನೋಡಿ, ನಿಮ್ಮದು ತೆಗೆದಿಟ್ಟಿದ್ದೀನಿ."

ಗೋಡೆಯ ಪಕ್ಕದಲ್ಲಿ, ಇನ್ನೂ ಟೇಪು ಬಿಚ್ಚದ ಒಂದು ದೊಡ್ಡ ಪೆಟ್ಟಿಗೆ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಧರ್ಮೇಂದ್ರ, ಕ್ಯಾತನಹಳ್ಳಿ ಎಂದು ಮುದ್ದಾದ ಅಕ್ಷರ. ಧರ್ಮೇಂದ್ರನಿಗೆ ಅದನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಸಂಜೆಯೊಳಗೆ ಮನೆ ಸೇರಿದರೆ ಬೆಳಗಿನ ಹೊತ್ತಿಗೆ ವಿಡಿಯೊ ಸಿದ್ಧ. ಹೊಣಕೆರೆಯಲ್ಲಿ ಮಟನ್ನೂ ಧಾರೆಯೂ ಒಟ್ಟಿಗೇ.

"ಮೇಡಂ, ಅದೇ ನಿಜ" ಎಂದ ಅವನು ಕೌಂಟರಿನ ಮೇಲೆ ಅರ್ಧ ಬಾಗಿ. "ನಾನೇ ಒತ್ತಿದ್ದು. ಕೋತಿ ಗೀತಿ ಏನೂ ಬಂದಿಲ್ಲ."

ಹಿಂದಿನಿಂದ ಜವರಯ್ಯನವರ ದನಿ, ಬಹಳ ಮೆಲ್ಲಗೆ. "ಏನಂದೆ?"

"ದೊಡ್ಡಪ್ಪ, ನಿಮ್ಗೂ ಗೊತ್ತಲ್ವಾ, ಡೇರಿ ಹತ್ರ ಯೋಳ್ದೆ."

"ಏನ್ ಗೊತ್ತು? ಕೋತಿ ಬಂದಿಲ್ಲ ಅಂದ್ರೆ ನಾನ್ ಸುಳ್ಳ ಅಂತ ತಾನೆ? ಈ ಹೆಣ್ ಮಗಳ ಮುಂದೆ, ಎಸಿ ರೂಮಲ್ಲಿ, ಚಪ್ಲಿ ಬುಟ್ಟು ಬಂದು ನಾನ್ ಸುಳ್ಳು ಯೋಳ್ದೆ ಅಂತ."

"ನಾನೇ ಕಂಡ್ನಲ್ಲ ಮಗ" ಎಂದರು ಚಿಕ್ಕಬೋರಮ್ಮ ನೊಂದುಕೊಂಡು. "ನನ್ ಹಪ್ಳಾನೂ ಸುಳ್ಳಾ ಅಂಗಾದ್ರೆ?"

"ಕೋತಿ ಇಲ್ಲ ಅಂದ್ರೆ ನನ್ ಲೈನ್ ಮೇಲ್ ಬತ್ತದೆ. ನಾನ್ ಒಪ್ಪಕಿಲ್ಲ" ಎಂದ ತಮ್ಮಯ್ಯ.

ನಿಂಗರಾಜು ಮೊಬೈಲು ತೆಗೆದು ಗೋಣಿತಾಟಿನ ಫೋಟೊವನ್ನು ಮೇಘನಳ ಮುಂದೆ ಹಿಡಿದ. ಫೋಟೊದಲ್ಲಿ ಧರ್ಮೇಂದ್ರ ಎಷ್ಟು ದುಃಖದಿಂದ ಕೂತಿದ್ದನೆಂದರೆ ಯಾರಿಗಾದರೂ ನಂಬಿಕೆ ಬರಬೇಕು.

ಮೇಘನ ಒಳಗಿನ ಕೋಣೆಯಿಂದ ಮೆಕ್ಯಾನಿಕ್‌ನನ್ನು ಕರೆಸಿದಳು. ಅವನು ಡಬ್ಬ ಬಿಚ್ಚಿ ಟಾರ್ಚು ಬಿಟ್ಟು ನೋಡಿ, "ಸುಟ್ಟ ಮೇಲೆ ಎಲ್ಲಾ ಒಂದೇ ಥರ ಮೇಡಂ. ಯಾವುದರಿಂದ ಅಂತ ಗಿರಾಕಿನೇ ಹೇಳಬೇಕು" ಎಂದು ಹೋದ.

"ಮೇಡಂ, ಗಿರಾಕಿ ನಾನು. ಹೇಳ್ತಿದ್ದೀನಲ್ಲ."

"ಹೊಸದು ಸಿಗುತ್ತೆ ಅಂತ ಗೊತ್ತಾದ ಮೇಲೆ ಹೇಳ್ತಿದ್ದೀರ ಸರ್. ಈ ವಾರವೆಲ್ಲ ಇದೇ ಆಗಿದೆ. ನೀರು ಬಿದ್ದಿತ್ತು ಅಂತ ಬರ್ತಾರೆ, ಆದೇಶ ಕೇಳಿ ಗುಂಡಿ ಒತ್ತಿದೆ ಅಂತಾರೆ." ಮೇಘನ ಒಳ್ಳೆಯ ಹುಡುಗಿ, ಅವಳಿಗೂ ಕೊಡುವ ಮನಸ್ಸೇ ಇತ್ತು. "ಒಂದು ಕೆಲಸ ಮಾಡ್ತೀನಿ. ಫೋನ್ ಮಾಡಿದವರನ್ನೇ ಕೇಳೋಣ. ಅವರು ಇನ್ನೊಂದು ಸಲ ಹೇಳಿದರೆ ಸಾಕು, ಕೊಟ್ಟುಬಿಡ್ತೀನಿ."

ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲೆ ಇಟ್ಟಳು. ರಿಂಗು ಹೋಯಿತು. ಪ್ರಮೀಳಾ ಎತ್ತಿದಳು. ಹಿಂದೆ ಹಸುವೊಂದು ಅಂಬಾ ಎಂದಿತು.

"ಮೇಡಂ, ನಿಮ್ಮ ಕಂಪ್ಯೂಟರ್ ಗುಂಡಿ ಒತ್ತಿ ಸುಟ್ಟಿದ್ದಾ, ಕರೆಂಟ್ ಹೊಡೆದು ಸುಟ್ಟಿದ್ದಾ?"

"ಬೆಳಿಗ್ಗೇನೇ ಯೋಳ್ದ್ನಲ್ಲ" ಎಂದು ಪ್ರಮೀಳಾ ಶುರುಮಾಡಿದಳು. ಧರ್ಮೇಂದ್ರ ಕಣ್ಣು ಮುಚ್ಚಿ ಕೈ ಮುಗಿದ. ಆದರೆ ಅಷ್ಟರಲ್ಲಿ ಜವರಯ್ಯ ಫೋನಿನ ಮೇಲೆ ಬಗ್ಗಿದ್ದರು.

"ಅಮ್ಮಯ್ಯ ಪ್ರಮೀಳಾ, ನಾನು ಕಣವ್ವ ಜವರಯ್ಯ. ನಾವ್ ನಾಲ್ಕು ಜನ ಕಣ್ಣಾರ ಕಂಡಂಗೆ ಇಲ್ಲಿ ಯೋಳಿದೀವಿ, ಕರೆಂಟು ಅಂತ. ನನ್ ಮಾತ್ ಹೋಗ್ಬುಟ್ಟದೆ ಈಗ. ನೋಡ್ಕಂಡ್ ಯೋಳು."

ಆ ಕಡೆ ಹಸು ಸುಮ್ಮನಾಯಿತು.

"ಓ, ಮಾವ" ಎಂದಳು ಪ್ರಮೀಳಾ ಕೊನೆಗೆ, ಸೆರಗು ಸರಿಮಾಡಿಕೊಂಡದ್ದು ದನಿಯಲ್ಲೇ ಗೊತ್ತಾಗುವ ಹಾಗೆ. "ನೀವೂ ಇದ್ದೀರಾ ಅಲ್ಲಿ. ನಾಲ್ಕ್ ಜನ ದೊಡ್ಡೋರು ಕಂಡವ್ರೆ ಅಂದ್ಮೇಲೆ ನಾನೊಬ್ಳು ಕಂಡಿದ್ದು ಯಾವ ಲೆಕ್ಕ. ಕರೆಂಟೇ ಇರ್ಬೇಕು ಬುಡಿ."

"ಪ್ರಮೀಳಾ" ಎಂದು ಧರ್ಮೇಂದ್ರ ಕೂಗಿದ. ಫೋನು ಕಟ್ಟಾಗಿತ್ತು.

ಮೇಘನ ನಿಟ್ಟುಸಿರು ಬಿಟ್ಟು ಪೆಟ್ಟಿಗೆಯ ಮೇಲಿನ ಚೀಟಿಯನ್ನು ಹುಷಾರಾಗಿ ಕಿತ್ತಳು. ಕಾಯುತ್ತ ಕೂತಿದ್ದ ಗಿರಾಕಿ ಎದ್ದು ಬಂದ. ಅವನ ಕಂಕುಳಲ್ಲೂ ಅಂಥದೇ ಡಬ್ಬ. "ನಾನು ಗುಂಡಿ ಒತ್ತಿದ್ದೆ ಮೇಡಂ. ಒಬ್ನೇ ಬಂದಿದ್ದೀನಿ" ಎಂದ. ಧರ್ಮೇಂದ್ರನ ಪೆಟ್ಟಿಗೆ ಅವನ ಜೊತೆ ಹೋಯಿತು.

ವಾಪಸು ಬರುವಾಗ ಸಾಕ್ಷಿಗಳು ಬಹಳ ಸಂತೋಷದಲ್ಲಿದ್ದರು. ಶ್ರೀರಂಗಪಟ್ಟಣದಲ್ಲಿ ಆಟೋ ನಿಲ್ಲಿಸಿ ಮೆಣಸಿನಕಾಯಿ ಬಜ್ಜಿ, ಟೀ ಆಯಿತು. "ಕ್ಲೇಮ್ ಆಗೋದು ಬುಡೋದು ದೇವ್ರ ಇಚ್ಛೆ" ಎಂದರು ಜವರಯ್ಯ ಬಜ್ಜಿ ಮುರಿಯುತ್ತ. "ಆದ್ರೆ ನಮ್ಮಲ್ ಒಬ್ರಾದ್ರೂ ಅಲ್ಲಾಡುದ್ವಾ? ಓನರೇ ಉಲ್ಟಾ ಹೊಡುದ್ರೂ ಸಾಕ್ಷಿ ಅಲ್ಲಾಡ್ಲಿಲ್ಲ. ಇಂಥಾದ್ದು ನನ್ ಸರ್ವಿಸಲ್ಲೇ ಮೊದ್ಲು." ಧರ್ಮೇಂದ್ರನನ್ನು ಅವರು ಆಗಲೇ ಕ್ಷಮಿಸಿದ್ದರು. ಬಜ್ಜಿಯಲ್ಲಿ ದೊಡ್ಡದನ್ನು ಅವನಿಗೇ ಕೊಟ್ಟರು.

ಅವನು ಬಜ್ಜಿ ಹಿಡಿದುಕೊಂಡೇ ಹೊಣಕೆರೆಗೆ ಫೋನು ಮಾಡಿದ. ಇನ್ನು ಸುಳ್ಳು ಬೇಡವೆಂದು ಗಟ್ಟಿಮನಸ್ಸು ಮಾಡಿದ್ದ. "ರವೀಂದ್ರಣ್ಣ, ನಾನೇ ಆಸೆ ಬಿದ್ದು ಜಾಸ್ತಿ ಓಡ್ಸಿ ಸುಟ್ಕೊಂಡೆ. ನಾಳಿಕ್ ವಿಡಿಯೊ ಆಗಕಿಲ್ಲ."

"ಅಲ್ಲ ಕಣ್ಲಾ" ಎಂದ ರವೀಂದ್ರ. "ಕೋತಿ ಕಥೆ ನಂಗಾಗ್ಲೇ ಬಂದದೆ. ನಿಂಗರಾಜು ಗ್ರೂಪಿಗ್ ಹಾಕವ್ನೆ. ನೀನ್ ಗೋಣಿತಾಟ್ ಪಕ್ಕ ಕೂತಿರೋದ್ನ ನೋಡಿ ನಮ್ಮನೇಲೆಲ್ಲಾ ಅತ್ಬುಟ್ರು. ನಾನೇ ಸುಟ್ಕೊಂಡೆ ಅಂತ ದೊಡ್ಡೋನಾಗ್ಬ್ಯಾಡ. ವಿಡಿಯೊ ಕೆ.ಆರ್. ಪೇಟೆ ಸ್ಟುಡಿಯೊ ಚೈತನ್ಯಂಗ್ ಕೊಟ್ಟೀನಿ, ಮೆಮೊರಿ ಕಾರ್ಡ್ ಇಸ್ಕೊಂಡ್ ಹೋಗಕೆ ಅವ್ನೇ ಬತ್ತಾನೆ. ನೀನ್ ನಾಳಿಕ್ ಊಟಕ್ ಬಾ."

ಊರು ಸೇರಿದಾಗ ಡೇರಿಯ ಮುಂದೆ ಮಂಚಯ್ಯ ಎಂಬವನು ಸುಟ್ಟ ಮಿಕ್ಸಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದ. ಜವರಯ್ಯ ಅದನ್ನು ತಿರುಗಿಸಿ ನೋಡಿ, "ಓಲೆ ಅದೆ" ಎಂದರು.

ಧರ್ಮೇಂದ್ರ ಸತ್ತ ಡಬ್ಬವನ್ನು ಹೊತ್ತು ಮನೆಗೆ ಬಂದ. ಪ್ರಮೀಳಾ ಕೊಟ್ಟಿಗೆಯಲ್ಲಿದ್ದಳು. ಅವನು ಬಾಗಿಲಲ್ಲಿ ನಿಂತ.

"ಕೊನೇಲಿ ನಾನ್ ನಿಜಾನೇ ಯೋಳ್ದೆ ಕಣೆ. ಯಾರೂ ನಂಬ್ಲಿಲ್ಲ."

"ನಾನ್ ನಂಬ್ತೀನಿ. ನೋಡಿದ್ನಲ್ಲ."

"ಮತ್ಯಾಕ್ ಮಾತ್ ತಿರುಗಿಸ್ದೆ? ಪೆಟ್ಟಿಗೆ ಕೈಗ್ ಬಂದಿತ್ತು. ನಿನ್ ಕಡಸು ವಾಪಸ್ ಬಂದಂಗ್ ಆಗಿತ್ತು."

ಪ್ರಮೀಳಾ ಹಸುವಿನ ಕೆಚ್ಚಲಿಗೆ ನೀರು ಚಿಮುಕಿಸುತ್ತ, "ಕಡಸು ಒಂದು ಹೋಯ್ತು. ಕೊಟ್ಟಿಗೇಲಿ ಇನ್ನೂ ಮೂರವೆ" ಎಂದಳು. "ನಾಳೆ ಇವಕ್ಕೇನಾರ ಆದ್ರೆ ಸಾಕ್ಷಿಗೆ ಮಾವನೇ ಬರ್ಬೇಕು. ಅವ್ರ ಮಾತ್ ನಾನ್ ಕಳುದ್ರೆ ಈ ಕೊಟ್ಟಿಗೆ ಕಡೆ ಇನ್ಯಾರ್ ಬತ್ತಾರೆ?"

ಅವಳು ಎದ್ದು ತಂಬಿಗೆಯನ್ನು ಅವನ ಕೈಗೆ ಕೊಟ್ಟಳು.

"ಇನ್ ಮುಂದೆ ಸಂಜೆ ಹೊತ್ತು ನೀವೇ ಕರೀರಿ. ಕೂತ್ಕೊಳಿ. ನಿಧಾನಕ್ ಕರೀಬೇಕು. ಇದ್ಕೆ ಕೆಂಪ್ ಗುಂಡಿ ಇಲ್ಲ. ಅವಸ್ರ ಮಾಡುದ್ರೆ ಒದೀತದೆ."

ಧರ್ಮೇಂದ್ರ ಕೂತ. ತಂಬಿಗೆಯನ್ನು ತೊಡೆಗಳ ನಡುವೆ ಇಟ್ಟುಕೊಂಡ. ಸ್ವಲ್ಪವೂ ಅವಸರ ಮಾಡಲಿಲ್ಲ.

ಆದರೂ ಒದೆಯಿತು.